ದೂತಪ್ರಣಿಧಿವಿಚಾರ: ಕಾವ್ಯದ ದೂತರೂ ಯಂತ್ರದ ಸಂದೇಶಸರತಿಯೂ

1. ವಿಷಯ

ಕೌಟಿಲ್ಯನ ಅರ್ಥಶಾಸ್ತ್ರದ ಪ್ರಥಮಾಧಿಕರಣದಲ್ಲಿ ಹದಿನಾರನೆಯ ಅಧ್ಯಾಯಕ್ಕೆ ದೂತಪ್ರಣಿಧಿಯೆಂದು ಹೆಸರು. ಪ್ರಣಿಧಿಯೆಂದರೆ ನೆಲೆಗೊಳಿಸುವುದು, ನಿಯಮಿಸುವುದು. ಯಾರನ್ನು ದೂತನನ್ನಾಗಿ ಕಳುಹಬೇಕು, ಅವನಿಗೆ ಎಷ್ಟು ಅಧಿಕಾರವನ್ನು ಕೊಡಬೇಕು, ಹೋದ ಕಡೆಯಲ್ಲಿ ಅವನು ಹೇಗೆ ನಡೆದುಕೊಳ್ಳಬೇಕು, ಮರಳಲು ಅಪ್ಪಣೆ ದೊರೆಯದೆ ತಡೆಯಲ್ಪಟ್ಟರೆ ಏನನ್ನು ಊಹಿಸಬೇಕು ಎಂಬ ವಿಷಯಗಳು ಅಲ್ಲಿ ವಿಚಾರಿಸಲ್ಪಟ್ಟಿವೆ. ಬಹುಕಾಲ ಹೆಸರಿನಿಂದಲೂ ಇತರ ಗ್ರಂಥಗಳಲ್ಲಿ ಉದ್ಧೃತವಾದ ವಾಕ್ಯಗಳಿಂದಲೂ ಮಾತ್ರ ತಿಳಿದಿದ್ದ ಈ ಶಾಸ್ತ್ರದ ಓಲೆಯ ಪ್ರತಿಯು 1905ರಲ್ಲಿ ಮೈಸೂರಿನ ಪ್ರಾಚ್ಯಕೋಶಾಗಾರದಲ್ಲಿ ಆರ್. ಶಾಮಶಾಸ್ತ್ರಿಗಳವರ ಕೈಸೇರಿ, 1909ರಲ್ಲಿ ಮೂಲವೂ 1915ರಲ್ಲಿ ಅವರೇ ಮಾಡಿದ ಇಂಗ್ಲಿಷ್ ಅನುವಾದವೂ ಪ್ರಕಟವಾದುವು. ರಾಜನೀತಿಯನ್ನು ಕುರಿತ ಭಾಗಗಳು ಅಂದಿನಿಂದ ಬಹುಜನರಿಂದ ಚರ್ಚಿತವಾಗಿವೆ. ದೂತಪ್ರಣಿಧಿಯನ್ನು ಕಾವ್ಯವಿಮರ್ಶೆಗೆ ಅನ್ವಯಿಸುವ ಪ್ರಯತ್ನವು ಅಷ್ಟಾಗಿ ನಡೆದಂತೆ ಕಾಣುವುದಿಲ್ಲ.

ಅದೇ ಮೈಸೂರಿನಲ್ಲಿ ಸಂದೇಶವನ್ನು ಸಾಗಿಸುವ ವಿದ್ಯೆಗೆ ಹಳೆಯ ಚರಿತ್ರೆಯುಂಟು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಲ್ಲಿ, ಅಂಚೆಯು ಏರ್ಪಟ್ಟಿತು. ಅದು ಓಲೆಗಳನ್ನು ಒಯ್ಯುವುದಲ್ಲದೆ ನಾಡಿನ ವರ್ತಮಾನವನ್ನು ಅರಮನೆಗೆ ಮುಟ್ಟಿಸುವ ಕಾರ್ಯವನ್ನೂ ಮಾಡುತ್ತಿದ್ದು, 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯ ಇಲಾಖೆಯೊಡನೆ ಸೇರಿಹೋಯಿತು. ಈಗ ನಗರದ ಹೆಬ್ಬಾಳದ ಕಡೆಯಲ್ಲಿರುವ ಇನ್ಫೋಸಿಸ್ ಸಂಸ್ಥೆಯ ಶಿಕ್ಷಣಕೇಂದ್ರದಲ್ಲಿ ಸಹಸ್ರಾರು ತರುಣರು ಗಣಕಯಂತ್ರದ ವೃತ್ತಿಗೆ ಅಣಿಯಾಗುತ್ತಾರೆ. ಆ ವೃತ್ತಿಯ ನಿತ್ಯಕರ್ಮಗಳಲ್ಲಿ ಒಂದು ಯಂತ್ರವು ಹೇಳಿದ ಸಂದೇಶವನ್ನು ಇನ್ನೊಂದಕ್ಕೆ ಮುಟ್ಟಿಸುವ ನಡುವಣ ದೂತನನ್ನು ನಿಯಮಿಸುವುದೂ ಒಂದು. ಅಪ್ಲಿಕೇಷನ್ ಸರ್ವರಿಗೂ ಮೆಸೇಜ್ ಕ್ಯೂಗಳಿಗೂ ನಡುವೆ ಮೀಡಿಯೇಷನ್ನನ್ನು ಕಾನ್ಫಿಗರ್ ಮಾಡುವುದೆಂದು ಆ ವೃತ್ತಿಯವರು ಇದನ್ನೇ ಹೇಳುವರು. ಶಾಸ್ತ್ರದ ಮಾತಿನಲ್ಲಿ ಇದು ದೂತಪ್ರಣಿಧಿಯೇ ಆಗಿದೆ.

ಉದ್ಯೋಗಪರ್ವವನ್ನೂ ಶಾಕುಂತಲವನ್ನೂ ಪಾಠಹೇಳುವಾಗ ದೂತನನ್ನು ಅಳೆಯಲು ಸಾಮಾನ್ಯವಾಗಿ ಒಂದೇ ಮಾನವನ್ನು ಹಿಡಿಯುವುದುಂಟು: ಹೇಳಿದುದನ್ನು ಹೇಳಿದಂತೆ ಮುಟ್ಟಿಸಿದನೋ ಇಲ್ಲವೋ ಎಂಬುದು ಆ ಮಾನ. ಈ ಮಾನವು ಸಾಲದೆಂದೂ, ದೂತನಿಗೆ ಮುಂಚಿತವಾಗಿ ಗೊತ್ತುಮಾಡಿದ ಅಧಿಕಾರವನ್ನು ನೋಡದೆ ಅವನ ಗುಣದೋಷಗಳನ್ನು ನಿರ್ಣಯಿಸುವುದು ಅಯುಕ್ತವೆಂದೂ ತೋರಿಸುವುದು ಈ ಲೇಖನದ ಉದ್ದೇಶ.

2. ಯಂತ್ರದ ವ್ಯವಸ್ಥೆ

ದೃಷ್ಟಾಂತವಾಗಿ ಬರುವ ಯಂತ್ರವ್ಯವಸ್ಥೆಯನ್ನು ಮೊದಲು ಸ್ಥೂಲವಾಗಿ ತಿಳಿಯತಕ್ಕದ್ದು. ಒಂದು ವ್ಯಾಪಾರಸ್ಥಳದ ವ್ಯವಹಾರವನ್ನೆಲ್ಲ ನಡೆಸಿಕೊಡುವ ಗಣಕವ್ಯವಸ್ಥೆಗೆ ಅಪ್ಲಿಕೇಷನ್ ಸರ್ವರ್ ಎಂದು ಹೆಸರು. ಒಬ್ಬ ಗ್ರಾಹಕನು ರೇಷ್ಮೆಯ ಸೀರೆಗೆ ಹಣ ತೆತ್ತನೆಂದಿಟ್ಟುಕೊಂಡರೆ, ಆ ವರ್ತಮಾನವು ಉಗ್ರಾಣಕ್ಕೂ ಲೆಕ್ಕದ ಶಾಖೆಗೂ ಸಾಗಣೆಯವರಿಗೂ ಮುಟ್ಟಬೇಕು. ಸರ್ವರು ಪ್ರತಿಯೊಬ್ಬರನ್ನೂ ನೇರವಾಗಿ ಕರೆದು, ಅವರು ಓಗೊಡುವವರೆಗೂ ಕಾದಿದ್ದರೆ, ಒಬ್ಬನು ಬಾಗಿಲು ಮುಚ್ಚಿದಾಗ ವ್ಯವಹಾರವೆಲ್ಲ ನಿಂತುಹೋಗುತ್ತದೆ. ಆದುದರಿಂದ ಸರ್ವರು ವರ್ತಮಾನವನ್ನು ಒಂದು ಸರತಿಯಲ್ಲಿ ಇಟ್ಟು ತನ್ನ ಕೆಲಸಕ್ಕೆ ತೆರಳುತ್ತದೆ. ಪಡೆಯತಕ್ಕವನು ತನಗೆ ಅನುಕೂಲವಾದಾಗ ಬಂದು, ಮೊದಲು ಬಂದುದನ್ನು ಮೊದಲು ಎತ್ತಿಕೊಳ್ಳುತ್ತಾನೆ. ಇದೇ ಮೆಸೇಜ್ ಕ್ಯೂ. ಅಂಚೆಮನೆಯ ಗೂಡಿನಲ್ಲಿ ಕಾಗದವು ಕಾದಿರುವಂತೆ ಇಲ್ಲಿ ಸಂದೇಶವು ಕಾದಿರುತ್ತದೆ. ಕಳುಹಿದವನೂ ಪಡೆಯುವವನೂ ಏಕಕಾಲದಲ್ಲಿ ಎಚ್ಚರವಾಗಿರಬೇಕೆಂಬ ನಿರ್ಬಂಧವಿಲ್ಲ. ಐಬಿಎಂ ಸಂಸ್ಥೆಯ ಎಂಕ್ಯೂಸೀರೀಸ್ 1993ರಲ್ಲಿ ಹೊರಬಂದಿತು. ಜಾವಾ ಭಾಷೆಯವರು ಇಂತಹ ಸರತಿಗಳೊಡನೆ ವ್ಯವಹರಿಸಲು ಜಾವಾ ಮೆಸೇಜ್ ಸರ್ವೀಸ್ ಎಂಬ ಸಾಮಾನ್ಯನಿಯಮಗಳನ್ನು 1998ರಲ್ಲಿ ಕಟ್ಟಿದರು. ಆ ನಿಯಮದಂತೆ ಸಂದೇಶಕ್ಕೆ ಶಿರೋಭಾಗ, ವಿಶೇಷಣಗಳು, ಶರೀರ ಎಂದು ಮೂರು ಅಂಗಗಳು.

ಸರ್ವರು ಆಡುವ ರೂಪವೇ ಬೇರೆ, ಉಗ್ರಾಣದ ಯಂತ್ರಕ್ಕೆ ತಿಳಿಯುವ ರೂಪವೇ ಬೇರೆಯಾಗಿರುವುದು ಸಾಮಾನ್ಯ. ಆಗ ನಡುವೆ ಒಬ್ಬ ಯಂತ್ರದೂತನು ಬೇಕಾಗುತ್ತದೆ. ಇವನು ಸಂದೇಶವನ್ನು ಕೈಕೊಂಡು ಅದರ ರೂಪವನ್ನು ಪರೀಕ್ಷಿಸುತ್ತಾನೆ, ಬೇಕಾದಲ್ಲಿ ರೂಪಾಂತರಿಸುತ್ತಾನೆ, ಶರೀರದಲ್ಲಿರುವ ಅರ್ಥವನ್ನು ನೋಡಿ ಯಾವ ಸರತಿಗೆ ಹಾಕಬೇಕೆಂದು ನಿರ್ಧರಿಸುತ್ತಾನೆ, ಅಗತ್ಯವಿದ್ದರೆ ಕೊರತೆಯನ್ನು ತುಂಬುತ್ತಾನೆ, ಅಯೋಗ್ಯವಾದುದನ್ನು ತಡೆಯುತ್ತಾನೆ, ನಡೆದುದನ್ನು ದಿನಚರಿಯಲ್ಲಿ ಬರೆದಿಡುತ್ತಾನೆ. ಇವುಗಳಲ್ಲಿ ಯಾವುದನ್ನು ಮಾಡಬೇಕು, ಯಾವುದನ್ನು ಮಾಡಬಾರದು ಎಂಬುದನ್ನು ಅಭಿಯಂತನು ಮುಂಚಿತವಾಗಿ ಬರೆದಿಡಬೇಕು. ಅಪಾಚೆ ಸಿನಾಪ್ಸ್ ಎಂಬ ವ್ಯವಸ್ಥೆಯಲ್ಲಿ ಸಂದೇಶವು ಹೋಗುವಾಗ ನಡೆಯತಕ್ಕ ಕ್ರಿಯೆಗಳನ್ನೂ, ಉತ್ತರವು ಬರುವಾಗ ನಡೆಯತಕ್ಕವುಗಳನ್ನೂ, ದೋಷವುಂಟಾದಾಗ ನಡೆಯತಕ್ಕವುಗಳನ್ನೂ ಮೂರು ಬೇರೆ ಬೇರೆ ಕ್ರಮಗಳಾಗಿ ಬರೆಯಬಹುದು. ಮೂರನೆಯದನ್ನು ಬರೆಯಲು ಮರೆತವನ ವ್ಯವಸ್ಥೆಯು ಸುದಿನದಲ್ಲಿ ಮಾತ್ರ ಚೆನ್ನಾಗಿ ನಡೆಯುತ್ತದೆ.

3. ಪೂರ್ವಪಕ್ಷ

ಇಲ್ಲಿ ಪೂರ್ವಪಕ್ಷವೇನೆಂದರೆ: ದೂತನು ಯಥೋಕ್ತವಾದಿಯಾಗಿರಬೇಕು. ಆಯುಧವನ್ನು ಎತ್ತಿ ಹೆದರಿಸಿದರೂ ಹೇಳಿದುದನ್ನೇ ಹೇಳುವವರು ದೂತರೆಂದು ಕೌಟಿಲ್ಯನೇ ಹೇಳಿರುವುದರಿಂದ, ಒಂದಕ್ಷರವನ್ನು ಕೂಡಿಸಿದವನೂ ಕಳೆದವನೂ ದುಷ್ಟದೂತನು. ಯಂತ್ರದ ವಿಷಯದಲ್ಲಿಯೂ ಈ ಮತಕ್ಕೆ ಬೆಂಬಲವುಂಟು. 2014ರಲ್ಲಿ ಜೇಮ್ಸ್ ಲೂಯಿಸ್ ಮತ್ತು ಮಾರ್ಟಿನ್ ಫೌಲರ್ ಎಂಬವರು ಬುದ್ಧಿಯೆಲ್ಲವೂ ಎರಡು ತುದಿಗಳಲ್ಲಿ ಇರಬೇಕೆಂದೂ ನಡುವಣ ನಾಳವು ಮಂದವಾಗಿರುವುದೇ ಲೇಸೆಂದೂ ಪ್ರತಿಪಾದಿಸಿದರು. ನಡುವಿನವನು ಜಾಣನಾದಷ್ಟೂ ಕೇಡು ಹೆಚ್ಚೆಂಬುದು ಈ ಪಕ್ಷದ ಸಾರ.

ಇದಕ್ಕೆ ಸಮಾಧಾನ. ಯಥೋಕ್ತವಾದವನ್ನು ಹೇಳಿರುವ ಸಂದರ್ಭವನ್ನು ನೋಡಬೇಕು. ಪರರಾಜನು ಸಂದೇಶವನ್ನು ಕೇಳಿ ಕೆರಳಿದಾಗ, ರಾಜರಿಗೆಲ್ಲ ದೂತರೇ ಬಾಯಿ, ಆದುದರಿಂದ ದೂತನು ಅವಧ್ಯನು ಎಂದು ತನ್ನ ಪ್ರಾಣರಕ್ಷಣೆಗಾಗಿ ದೂತನು ಹೇಳಿಕೊಳ್ಳತಕ್ಕ ಮಾತು ಅದು. ಅವಧ್ಯತ್ವಕ್ಕೆ ಹೇತುವಾಗಿ ಬಂದ ಮಾತನ್ನು ದೂತಲಕ್ಷಣವೆಂದು ತಿಳಿಯಲಾಗದು. ಲಕ್ಷಣವು ಅದೇ ಅಧ್ಯಾಯದ ಮೊದಲಿನಲ್ಲಿದೆ: ಅಮಾತ್ಯಗುಣಗಳು ಪೂರ್ಣವಾಗಿರುವವನು ನಿಸೃಷ್ಟಾರ್ಥನು; ನಾಲ್ಕರಲ್ಲಿ ಒಂದು ಭಾಗ ಕಡಿಮೆಯಾದವನು ಪರಿಮಿತಾರ್ಥನು; ಅರ್ಧ ಕಡಿಮೆಯಾದವನು ಶಾಸನಹರನು. ಮೊದಲನೆಯವನಿಗೆ ಕಾರ್ಯವೇ ಒಪ್ಪಿಸಲ್ಪಟ್ಟಿದೆ, ಎರಡನೆಯವನಿಗೆ ಎಲ್ಲೆಯುಂಟು, ಮೂರನೆಯವನು ಓಲೆಯನ್ನು ಒಯ್ಯುವವನು ಮಾತ್ರ. ಅಲಂಕಾರಶಾಸ್ತ್ರದಲ್ಲಿಯೂ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ನಿಸೃಷ್ಟಾರ್ಥ, ಮಿತಾರ್ಥ, ಸಂದೇಶಹಾರಕರೆಂಬ ಈ ವಿಭಾಗವನ್ನೇ ಅಂಗೀಕರಿಸಿ, ದೂತಿಯರಿಗೂ ಅದು ಸಲ್ಲುವುದೆಂದು ಹೇಳಿದ್ದಾನೆ. ಎಲ್ಲರೂ ಯಥೋಕ್ತವಾದಿಗಳೇ ಆಗಬೇಕಾಗಿದ್ದರೆ ಈ ಮೂರು ಹೆಸರುಗಳಿಗೆ ಅವಕಾಶವೇ ಇರುತ್ತಿರಲಿಲ್ಲ.

ನಾಳವು ಮಂದವಾಗಿರಬೇಕೆಂಬ ವಾದಕ್ಕೂ ಇದೇ ಉತ್ತರ. ನಡುವಿನವನು ರೂಪಾಂತರಿಸದಿದ್ದರೆ ತುದಿಯಲ್ಲಿರುವವನು ರೂಪಾಂತರಿಸಬೇಕು. ಕೆಲಸವು ಒಬ್ಬನಿಂದ ಇನ್ನೊಬ್ಬನಿಗೆ ಹೋಗುವುದೇ ಹೊರತು ಇಲ್ಲವಾಗುವುದಿಲ್ಲ. ದೂತನ ಬದಲು ಕರಣಿಕನು ಬದಲಾಯಿಸಿದರೂ ಯಾರ ಅಪ್ಪಣೆಯಿಂದ ಬದಲಾಯಿಸಿದನೆಂಬ ಪ್ರಶ್ನೆಯು ಹಾಗೆಯೇ ಉಳಿಯುತ್ತದೆ.

4. ಉದ್ಯೋಗಪರ್ವದ ನಾಲ್ವರು ದೂತರು

ವ್ಯಾಸಭಾರತದ ಉದ್ಯೋಗಪರ್ವದಲ್ಲಿ ನಾಲ್ಕು ದೂತಕಾರ್ಯಗಳು ಕ್ರಮವಾಗಿ ಬರುತ್ತವೆ: ದ್ರುಪದನ ಪುರೋಹಿತನು ಕೌರವಸಭೆಗೆ ಹೋಗುವುದು, ಸಂಜಯನು ಪಾಂಡವರ ಬಳಿಗೆ ಬರುವುದು, ಶ್ರೀಕೃಷ್ಣನು ಹಸ್ತಿನಾವತಿಗೆ ತೆರಳುವುದು, ಕೊನೆಗೆ ಉಲೂಕನು ದುರ್ಯೋಧನನ ಬಿರುನುಡಿಗಳನ್ನು ಹೊತ್ತು ಬರುವುದು. ತ್ರಿವಿಧದೂತವಿಭಾಗಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ದೊರೆಯಲಾರದು.

ಉಲೂಕನು ಶುದ್ಧಶಾಸನಹರನು. ಹೇಳತಕ್ಕ ಮಾತುಗಳು ಕ್ರೂರವಾಗಿರುವುದರಿಂದ, ಇವು ತನ್ನವಲ್ಲ, ತನ್ನ ಒಡೆಯನವು ಎಂದು ಮೊದಲೇ ನಿವೇದಿಸಿ, ಧರ್ಮರಾಜನಿಂದ ಅಭಯವನ್ನು ಪಡೆದ ಮೇಲೆಯೇ ಅವನು ಬಾಯಿಬಿಡುತ್ತಾನೆ. ಅವನಿಗೆ ಶ್ಲಾಘೆಯೂ ಇಲ್ಲ, ನಿಂದೆಯೂ ಇಲ್ಲ. ಯಂತ್ರದೂತರಲ್ಲಿ ಸಂದೇಶದ ಶರೀರವನ್ನು ತೆರೆಯದೆಯೇ ಮುಂದಕ್ಕೆ ದಾಟಿಸುವವನು ಈ ವರ್ಗಕ್ಕೆ ಸೇರುತ್ತಾನೆ.

ಸಂಜಯನ ವಿಷಯವು ವಿಮರ್ಶಾರ್ಹ. ಅವನು ಧೃತರಾಷ್ಟ್ರನ ಕುಶಲಪ್ರಶ್ನೆಯನ್ನು ಒಪ್ಪಿಸಿ ಸುಮ್ಮನಾಗದೆ, ಯುದ್ಧದಿಂದ ಪಡೆಯುವ ರಾಜ್ಯಕ್ಕಿಂತ ಭಿಕ್ಷಾವೃತ್ತಿಯೇ ಮೇಲೆಂದು ಧರ್ಮರಾಜನಿಗೇ ಧರ್ಮವನ್ನು ಬೋಧಿಸುತ್ತಾನೆ. ಅಧಿಕಪ್ರಸಂಗ ಮಾಡಿದನೆಂದು ಅವನನ್ನು ಆಕ್ಷೇಪಿಸುವುದು ಸುಲಭ. ಆದರೆ ಧೃತರಾಷ್ಟ್ರನು ಅವನನ್ನು ಕಳುಹುವಾಗ ಕೊಟ್ಟ ನಿಯೋಗವನ್ನು ಮರೆಯಬಾರದು: ಅಲ್ಲಿ ಸಮಯೋಚಿತವೆಂದೂ ಭರತವಂಶಕ್ಕೆ ಹಿತವೆಂದೂ ತೋರಿದುದನ್ನೆಲ್ಲ ಆಡಬಹುದು, ಯುದ್ಧವನ್ನು ಕೆರಳಿಸುವುದನ್ನು ಮಾತ್ರ ಆಡಕೂಡದು ಎಂದು ಅರಸನೇ ಅವನಿಗೆ ಹೇಳಿದ್ದಾನೆ. ಮಾತಿನ ವಿಷಯದಲ್ಲಿ ಅವನಿಗೆ ಧಾರಾಳವಾದ ಅಧಿಕಾರವಿತ್ತು. ಕೊಡುವ ವಿಷಯದಲ್ಲಿ ಒಂದು ಗ್ರಾಮದಷ್ಟು ಅಧಿಕಾರವೂ ಇರಲಿಲ್ಲ. ಬರಿಗೈಯಿಂದ ಸಂಧಿಯನ್ನು ಬೇಡಲು ಹೋದವನಿಗೆ ಧರ್ಮೋಪದೇಶವಲ್ಲದೆ ಬೇರೆ ಸಾಧನವೇನಿದೆ? ಸಂಜಯನು ಎಲ್ಲೆಯನ್ನು ಮೀರಿದವನಲ್ಲ. ಎಲ್ಲೆಯನ್ನು ಹಾಕಿದವನ ಕಾಪಟ್ಯವು ಅವನ ಬಾಯಿಂದ ಹೊರಬಂದಿತು. ಪರಿಮಿತಾರ್ಥನ ದೋಷವನ್ನು ಎಣಿಸುವಾಗ ಪರಿಮಿತಿಯನ್ನು ನಿಯಮಿಸಿದವನ ಲೆಕ್ಕವನ್ನು ಮೊದಲು ನೋಡಬೇಕೆಂಬುದಕ್ಕೆ ಇದು ನಿದರ್ಶನ.

ಅವನು ಹಿಂದಿರುಗಿದ ಇರುಳಿನ ವೃತ್ತಾಂತವೂ ಗಮನಾರ್ಹ. ಧೃತರಾಷ್ಟ್ರನನ್ನು ಕಂಡು, ಕಟುವಾಗಿ ನಿಂದಿಸಿ, ಪಾಂಡವರ ಉತ್ತರವನ್ನು ಮರುದಿನ ಸಭೆಯಲ್ಲಿ ಹೇಳುವೆನೆಂದು ಅವನು ಹೊರಟುಹೋಗುತ್ತಾನೆ. ಸಂದೇಶವು ಬಂದಿದೆಯೆಂದು ತಿಳಿಯಿತು, ಸಂದೇಶವೇನೆಂದು ತಿಳಿಯಲಿಲ್ಲ. ಆ ರಾತ್ರಿ ಕುರುಡರಸನಿಗೆ ನಿದ್ರೆ ಬಾರದೆ ವಿದುರನನ್ನು ಕರೆಯಿಸಿದುದರಿಂದ ವಿದುರನೀತಿಯು ಹುಟ್ಟಿತು. ಶಿರೋಭಾಗವು ಮುಟ್ಟಿ ಶರೀರವು ಸರತಿಯಲ್ಲಿ ಕಾದಿರುವ ಅಂತರಾಳವನ್ನು ವ್ಯಾಸರು ಒಂದು ಉಪಪರ್ವದ ವಿಸ್ತಾರಕ್ಕೆ ಬೆಳಸಿದ್ದಾರೆ.

ಶ್ರೀಕೃಷ್ಣನು ನಿಸೃಷ್ಟಾರ್ಥನು. ನಮ್ಮನ್ನೂ ಬಲ್ಲೆ, ಅವರನ್ನೂ ಬಲ್ಲೆ, ಕಾರ್ಯವನ್ನೂ ಬಲ್ಲೆ ಎಂಬ ಭಾವದಿಂದ ಧರ್ಮರಾಜನು ಸಕಲವನ್ನೂ ಅವನಿಗೆ ಒಪ್ಪಿಸಿದ್ದಾನೆ. ಆದುದರಿಂದಲೇ ಸಭೆಯಲ್ಲಿ ಸಂಧಿಯು ಮುರಿದ ಮೇಲೆ ಕರ್ಣನನ್ನು ಏಕಾಂತಕ್ಕೆ ಕರೆದು ಅವನ ಜನ್ಮರಹಸ್ಯವನ್ನು ಬಿಚ್ಚುವುದು ಅವನಿಗೆ ಸಲ್ಲುತ್ತದೆ. ಪಂಪನ ವಿಕ್ರಮಾರ್ಜುನವಿಜಯದಲ್ಲಿಯೂ ಕುಮಾರವ್ಯಾಸನ ಭಾರತದಲ್ಲಿಯೂ ಈ ಭಾಗವು ಕನ್ನಡಿಗರ ಹೃದಯವನ್ನು ಸೆರೆಹಿಡಿದಿದೆ. ಕೃಷ್ಣನು ಕಪಟಿಯೇ ಎಂದು ಇಲ್ಲಿ ಕೇಳುವವರುಂಟು. ಅದು ಧರ್ಮವಿಚಾರ, ದೂತವಿಚಾರದಲ್ಲಿ ಕೇಳತಕ್ಕ ಪ್ರಶ್ನೆ ಬೇರೆ. ಇದೇ ಮಾತನ್ನು ಉಲೂಕನಂತಹವನು ಆಡಿದ್ದರೆ ಅದು ಸ್ವಾಮಿದ್ರೋಹವಾಗುತ್ತಿತ್ತು. ನಿಸೃಷ್ಟಾರ್ಥನು ಆಡಿದುದರಿಂದ ಕಾರ್ಯಶೇಷವಾಯಿತು. ಒಂದೇ ಕ್ರಿಯೆಯು ಅಧಿಕಾರಭೇದದಿಂದ ಗುಣವೂ ದೋಷವೂ ಆಗುತ್ತದೆ.

5. ರೂಪವನ್ನು ಬದಲಾಯಿಸುವುದು

ಸಂದೇಶದ ಅರ್ಥವನ್ನು ಕೆಡಿಸದೆ ರೂಪವನ್ನು ಬದಲಾಯಿಸುವ ದೂತನಿಗೆ ಆದರ್ಶನು ಹನುಮಂತನು. ಶಿಂಶಪಾವೃಕ್ಷದ ಮೇಲೆ ಕುಳಿತು ಅವನು ಮೊದಲು ಚಿಂತಿಸಿದುದು ಯಾವ ಭಾಷೆಯಲ್ಲಿ ಮಾತನಾಡಬೇಕೆಂಬುದನ್ನು. ದ್ವಿಜನಂತೆ ಸಂಸ್ಕೃತವನ್ನಾಡಿದರೆ ಸೀತೆಯು ತನ್ನನ್ನು ರಾವಣನೆಂದು ಭ್ರಮಿಸಿ ಹೆದರುವಳೆಂದು ತಿಳಿದು, ಅವನು ಸಾಮಾನ್ಯಮನುಷ್ಯರ ಮಾತನ್ನೇ ಆರಿಸಿಕೊಳ್ಳುತ್ತಾನೆ. ತಮ್ಮನ್ನೇ ಪಂಡಿತರೆಂದು ಬಗೆದ ದೂತರು ಕಾರ್ಯವನ್ನು ಹಾಳುಮಾಡುವರೆಂಬ ಎಚ್ಚರಿಕೆಯೂ ಅವನಿಗೆ ಅಲ್ಲಿಯೇ ಮೂಡುತ್ತದೆ. ಕೇಳುವವರ ಕಿವಿಗೆ ತಕ್ಕಂತೆ ರೂಪವನ್ನು ಬದಲಾಯಿಸಿದರೂ ರಾಮನ ಸಂದೇಶದಲ್ಲಿ ಲೇಶಮಾತ್ರವೂ ಅನ್ಯಥಾ ಆಗಲಿಲ್ಲ.

ರೂಪದ ಗುಣದೋಷಗಳನ್ನು ಅಳೆಯಲು ಅರ್ಥಶಾಸ್ತ್ರದ ದ್ವಿತೀಯಾಧಿಕರಣದ ಶಾಸನಾಧಿಕಾರವೆಂಬ ಅಧ್ಯಾಯವು ಮಾನದಂಡವನ್ನು ಕೊಡುತ್ತದೆ. ಅರ್ಥಕ್ರಮ, ಸಂಬಂಧ, ಪರಿಪೂರ್ಣತೆ, ಮಾಧುರ್ಯ, ಔದಾರ್ಯ, ಸ್ಪಷ್ಟತ್ವ ಎಂಬ ಆರು ಲೇಖಗುಣಗಳನ್ನೂ, ಅಕಾಂತಿ, ವ್ಯಾಘಾತ, ಪುನರುಕ್ತ, ಅಪಶಬ್ದ, ಸಂಪ್ಲವ ಎಂಬ ಐದು ಲೇಖದೋಷಗಳನ್ನೂ ಅಲ್ಲಿ ಹೇಳಿದೆ. ಯಂತ್ರದೂತನು ಪರೀಕ್ಷಿಸತಕ್ಕ ದೋಷಗಳು ಇವೇ. ಎಲೆಯು ಕಪ್ಪಾಗಿ ಅಕ್ಷರಗಳು ವಿಷಮವಾಗಿ ಮಾಸಿರುವುದು ಅಕಾಂತಿ. ಕನ್ನಡದ ಅಕ್ಷರಗಳಿಗೆ 1991ರಲ್ಲಿಯೇ ಯೂನಿಕೋಡಿನಲ್ಲಿ ಸ್ಥಾನವು ದೊರೆತಿದ್ದರೂ, ಸಂದೇಶವು ಯಾವ ಅಕ್ಷರಸಂಕೇತದಲ್ಲಿದೆಯೆಂದು ಶಿರೋಭಾಗದಲ್ಲಿ ಸರಿಯಾಗಿ ಹೇಳದಿದ್ದರೆ, ಕಳುಹಿದ ಕನ್ನಡವು ಅತ್ತ ಕಡೆಯಲ್ಲಿ ಬರಿಯ ಪ್ರಶ್ನಚಿಹ್ನೆಗಳ ಸಾಲಾಗಿ ಕಾಣುವುದು ಇಂದಿನ ಅಕಾಂತಿ. ಹಿಂದೆ ಹೇಳಿದುದಕ್ಕೆ ಮುಂದಿನದು ವಿರುದ್ಧವಾಗುವುದು ವ್ಯಾಘಾತ. ಶಿರಸ್ಸು ಒಂದು ರೂಪವನ್ನು ಸಾರಿ ಶರೀರವು ಇನ್ನೊಂದಾಗಿದ್ದರೆ ಆ ದೋಷವುಂಟಾಗುತ್ತದೆ. ಲಿಂಗವಚನಾದಿಗಳ ವ್ಯತ್ಯಾಸವಾದ ಅಪಶಬ್ದಕ್ಕೆ ಇಲ್ಲಿ ಸಮಾನವಾದುದು ಅಂಕಿಯಿರಬೇಕಾದಲ್ಲಿ ಅಕ್ಷರವಿರುವುದು. ವಿಭಾಗವಿರಬೇಕಾದಲ್ಲಿ ಇಲ್ಲದಿರುವುದು, ಇರಬಾರದಲ್ಲಿ ಇರುವುದು ಸಂಪ್ಲವ. ಎರಡು ಸಂದೇಶಗಳು ಕೂಡಿ ಒಂದಾಗುವುದು, ಒಂದು ಒಡೆದು ಎರಡಾಗುವುದು ಇದರ ಭೇದಗಳು.

ಪುನರುಕ್ತವು ವಿಶೇಷವಾಗಿ ವಿಚಾರಾರ್ಹ. ಕಾವ್ಯದಲ್ಲಿ ಪುನರುಕ್ತಿಯು ಬೇಸರವನ್ನು ಮಾತ್ರ ಉಂಟುಮಾಡುತ್ತದೆ. ಇಲ್ಲಿಯಾದರೋ ಹಣವನ್ನೇ ಕಳೆಯುತ್ತದೆ. ಪಡೆಯುವವನು ಸಂದೇಶವನ್ನು ಕೈಗೆತ್ತಿಕೊಂಡ ಕೂಡಲೆ ಮುಟ್ಟಿತೆಂದು ಒಪ್ಪಿಗೆಯನ್ನು ಕೊಟ್ಟು, ಕೆಲಸವನ್ನು ಮುಗಿಸುವ ಮೊದಲೇ ಕೆಟ್ಟುನಿಂತರೆ ಸಂದೇಶವು ನಷ್ಟವಾಗುತ್ತದೆ. ಕೆಲಸವನ್ನು ಮುಗಿಸಿದ ಬಳಿಕ ಒಪ್ಪಿಗೆಯನ್ನು ಕೊಡುವುದೆಂದರೆ, ಮುಗಿಸಿ ಒಪ್ಪಿಗೆ ಕೊಡುವುದರ ನಡುವೆ ಕೆಟ್ಟಾಗ ಅದೇ ಸಂದೇಶವು ಮತ್ತೊಮ್ಮೆ ಬಂದು, ಒಂದು ಸೀರೆಗೆ ಎರಡು ಸಲ ಹಣವನ್ನು ಎಳೆದುಕೊಳ್ಳುವ ಸಂಭವವುಂಟು. ಆದುದರಿಂದ ಬಲ್ಲವರು ಎರಡನೆಯ ಮಾರ್ಗವನ್ನೇ ಹಿಡಿದು, ಪ್ರತಿಸಂದೇಶಕ್ಕೂ ಒಂದು ಗುರುತನ್ನು ಹಾಕಿ, ಅದೇ ಗುರುತು ಎರಡನೆಯ ಸಲ ಬಂದರೆ ಕ್ರಿಯೆಯನ್ನು ಮಾಡದೆ ಬಿಡುವಂತೆ ನಿಯಮಿಸುತ್ತಾರೆ.

6. ಶಾಕುಂತಲದ ಸಖಿಯರು

ಇದುವರೆಗೆ ಹೇಳಿದ ತತ್ತ್ವದ ಬಲವು ಶಾಕುಂತಲದಲ್ಲಿ ಚೆನ್ನಾಗಿ ಕಂಡುಬರುತ್ತದೆ. ಹತ್ತನೆಯ ಚಾಮರಾಜ ಒಡೆಯರ ಆಸ್ಥಾನದ ಬಸವಪ್ಪಶಾಸ್ತ್ರಿಗಳವರು ಕನ್ನಡಕ್ಕೆ ತಂದಂದಿನಿಂದ ಮೈಸೂರಿನ ರಸಿಕರಿಗೆ ಈ ನಾಟಕವು ತಮ್ಮದೇ ಆಗಿದೆ. ಇದರ ಅನರ್ಥಕ್ಕೆ ಕಾರಣವು ದೂರ್ವಾಸರ ಶಾಪವೆಂದು ಎಲ್ಲರೂ ಹೇಳುವರು. ಶಾಪವು ಕಾರಣವಹುದು, ಆದರೆ ಶಾಪಕ್ಕೆ ಪರಿಹಾರವೂ ಒಡನೆಯೇ ಹೇಳಲ್ಪಟ್ಟಿತ್ತು. ಪ್ರಿಯಂವದೆಯು ಬೇಡಿಕೊಂಡುದರಿಂದ, ಗುರುತಿನ ಆಭರಣವನ್ನು ಕಂಡಾಗ ಶಾಪವು ನಿವರ್ತಿಸುವುದೆಂದು ಮುನಿಯು ನುಡಿದನು. ಪರಿಹಾರವಿದ್ದೂ ಅನರ್ಥವು ಒದಗಿದುದು ಹೇಗೆಂಬುದೇ ವಿಮರ್ಶಕನ ಪ್ರಶ್ನೆಯಾಗಬೇಕು.

ಶಾಪವು ಶಕುಂತಲೆಯನ್ನು ಉದ್ದೇಶಿಸಿ ನುಡಿದುದು, ಕೇಳಿದವರು ಸಖಿಯರು. ಶೂನ್ಯಹೃದಯಳಾಗಿದ್ದ ಅವಳ ಕಿವಿಗೆ ಅದು ಬೀಳಲಿಲ್ಲ. ಸ್ವಭಾವಸುಕುಮಾರಿಯಾದ ಗೆಳತಿಯು ತಾಳಲಾರಳೆಂದು ಅನಸೂಯಾಪ್ರಿಯಂವದೆಯರು ಆ ವೃತ್ತಾಂತವನ್ನು ತಮ್ಮಿಬ್ಬರಲ್ಲಿಯೇ ಅಡಗಿಸಿಕೊಂಡರು. ಬೀಳ್ಕೊಡುವಾಗ, ರಾಜನು ಗುರುತಿಸಲು ತಡಮಾಡಿದರೆ ಅವನ ಹೆಸರಿರುವ ಉಂಗುರವನ್ನು ತೋರಿಸೆಂದು ಮಾತ್ರ ಹೇಳಿದರು. ಆ ಸಂದೇಹಕ್ಕೇ ಅವಳು ನಡುಗಿದಾಗ, ಸ್ನೇಹವು ಸುಮ್ಮನೆ ಕೇಡನ್ನು ಶಂಕಿಸುತ್ತದೆಯೆಂದು ಸಮಾಧಾನಮಾಡಿದರು. ಅಂದರೆ ಸಂದೇಶದ ವಿಧಿಭಾಗವನ್ನು ಉಳಿಸಿ ಹೇತುಭಾಗವನ್ನು ತೆಗೆದುಹಾಕಿದರು. ಹೇತುವನ್ನು ಅರಿಯದವಳಿಗೆ ಆ ಉಂಗುರವು ಪ್ರಿಯನ ನೆನಪಿನ ಕುರುಹು. ಹೇತುವನ್ನು ಅರಿತಿದ್ದರೆ ಅದು ಪ್ರಾಣ. ಸಮಯ ಬಂದರೆ ತೋರಿಸೆಂಬ ಮಾತು ಮುಟ್ಟಿತು, ಅಲ್ಲಿಯವರೆಗೆ ಕಾಪಾಡೆಂಬ ಮಾತು ಮುಟ್ಟಲಿಲ್ಲ. ಶಚೀತೀರ್ಥದ ನೀರಿನಲ್ಲಿ ಉಂಗುರವು ಜಾರಿದುದು ಆಕಸ್ಮಿಕವಾದರೂ, ಅವಳು ಅದನ್ನು ಎಚ್ಚರದಿಂದ ಕಾಯದಿದ್ದುದು ಆಕಸ್ಮಿಕವಲ್ಲ.

ಸಖಿಯರ ಅಂತಃಕರಣವು ಶುದ್ಧವಾದುದೇ. ಆದರೆ ಸಂದೇಶವನ್ನು ಸಂಕ್ಷೇಪಿಸುವ ಅಧಿಕಾರವನ್ನು ಅವರಿಗೆ ಯಾರೂ ಕೊಟ್ಟಿರಲಿಲ್ಲ. ಸಂಕ್ಷೇಪಿಸಿದೆವೆಂದು ಅವರು ಯಾರಿಗೂ ತಿಳಿಸಲೂ ಇಲ್ಲ. ಕಣ್ವರಿಗಾಗಲಿ ಗೌತಮಿಗಾಗಲಿ ತಿಳಿಸಿದ್ದರೆ ಉಂಗುರವು ಬೇರೊಬ್ಬರ ರಕ್ಷಣೆಯಲ್ಲಾದರೂ ಇರುತ್ತಿತ್ತು. ದೂತನು ಪ್ರೀತಿಯಿಂದ ಮಾಡಿದ ಮೌನವು ದ್ವೇಷದಿಂದ ಮಾಡಿದ ಸುಳ್ಳಿಗಿಂತ ಹೆಚ್ಚು ಅಪಾಯಕರವಾಗಬಹುದು. ಏಕೆಂದರೆ ಸುಳ್ಳನ್ನು ಶಂಕಿಸುವವರುಂಟು, ಮೌನವನ್ನು ಶಂಕಿಸುವವರಿಲ್ಲ. ಯಂತ್ರದೂತನನ್ನು ನಿಯಮಿಸುವಾಗ ಅಭಿಯಂತರು ಹೆಚ್ಚಾಗಿ ಮಾಡುವ ತಪ್ಪೂ ಇದೇ: ತನಗೆ ಅರ್ಥವಾಗದ ಅಂಗವನ್ನು ಅನಗತ್ಯವೆಂದು ಭಾವಿಸಿ ಸದ್ದಿಲ್ಲದೆ ಕತ್ತರಿಸಿಬಿಡುವುದು. ಕಳುಹಿದವನು ಮುಟ್ಟಿತೆಂದು ತಿಳಿದಿರುತ್ತಾನೆ, ಪಡೆದವನು ಇಷ್ಟೇ ಎಂದು ತಿಳಿದಿರುತ್ತಾನೆ. ದೋಷವು ಯಾರ ಕಣ್ಣಿಗೂ ಬೀಳದೆ ಬಹುಕಾಲದ ಮೇಲೆ ಫಲಿಸುತ್ತದೆ.

ಕಾಳಿದಾಸನು ಮತ್ತೊಂದು ದಾರಿಯನ್ನೂ ತೋರಿಸಿದ್ದಾನೆ. ಕಳೆದ ಉಂಗುರವು ಲೋಹಿತಮತ್ಸ್ಯದ ಉದರದಲ್ಲಿ ನಾಶವಾಗದೆ ಉಳಿದು, ಬೆಸ್ತನ ಮೂಲಕ ರಾಜನ ಕೈಸೇರಿ, ತಡವಾಗಿಯಾದರೂ ತನ್ನ ಕಾರ್ಯವನ್ನು ಮಾಡಿತು. ಮುಟ್ಟಿಸಲಾಗದ ಸಂದೇಶವನ್ನು ಎಸೆಯದೆ ಬೇರೊಂದು ಸರತಿಯಲ್ಲಿ ಇಟ್ಟುಕೊಂಡು, ಮುಂದೆ ಒಬ್ಬರು ನೋಡಿ ವಿಲೇವಾರಿ ಮಾಡಲೆಂದು ಕಾಯುವ ಏರ್ಪಾಡು ಯಂತ್ರದಲ್ಲಿಯೂ ಉಂಟು. ಡೆಡ್ ಲೆಟರ್ ಕ್ಯೂ ಎಂದು ಅದರ ಹೆಸರು. ಮುಟ್ಟದ ಕಾಗದಗಳನ್ನು ಕೂಡಿಡುವ ಅಂಚೆಯ ಹಳೆಯ ಕಚೇರಿಯಿಂದಲೇ ಆ ಹೆಸರು ಬಂದಿದೆ. ಭೇದವಿಷ್ಟೆ: ನಾಟಕದಲ್ಲಿ ದೈವವು ಮೀನನ್ನು ಬಲೆಗೆ ತಂದಿತು, ಯಂತ್ರದಲ್ಲಿ ಆ ಸರತಿಯನ್ನು ದಿನದಿನವೂ ಹೋಗಿ ನೋಡುವ ಮನುಷ್ಯನನ್ನು ನಿಯಮಿಸಬೇಕು.

7. ಪ್ರತ್ಯಭಿಜ್ಞಾನ

ಸಂದೇಶವು ಮುಟ್ಟಿತೆಂಬುದಕ್ಕೆ ಪ್ರಮಾಣವೇನು? ಇಲ್ಲಿ ಮತ್ತೆ ಸುಂದರಕಾಂಡವೇ ಶರಣು. ರಾಮನ ಉಂಗುರವು ದೂತನು ನಿಜವಾದವನೆಂದು ಸೀತೆಗೆ ತಿಳಿಸಿತು. ಹಿಂದಿರುಗುವಾಗ ಹನುಮಂತನು ಚೂಡಾಮಣಿಯನ್ನೂ, ರಾಮನಿಗೂ ಸೀತೆಗೂ ಮಾತ್ರ ತಿಳಿದಿದ್ದ ಕಾಕವೃತ್ತಾಂತವನ್ನೂ ತಂದನು. ಮಣಿಯನ್ನು ಕದಿಯಬಹುದು, ರಹಸ್ಯವೃತ್ತಾಂತವನ್ನು ಕದಿಯಲಾಗದು. ಎರಡೂ ಕೂಡಿದಾಗ ಮಾತ್ರ ಸಂದೇಶವು ಉದ್ದಿಷ್ಟಳಾದವಳಿಗೇ ಮುಟ್ಟಿತೆಂದು ರಾಮನಿಗೆ ನಿಶ್ಚಯವಾಯಿತು. ಹೋದ ಸಂದೇಶದ ಗುರುತನ್ನೇ ಬರುವ ಉತ್ತರದಲ್ಲಿಯೂ ಹೊಂದಿಸಿ, ಯಾವ ಪ್ರಶ್ನೆಗೆ ಯಾವ ಉತ್ತರವೆಂದು ನಿರ್ಣಯಿಸುವ ಕ್ರಮವು ಯಂತ್ರದಲ್ಲಿ ಇರುವುದಕ್ಕೂ ಇದೇ ನ್ಯಾಯ.

ದೂತನಿಗೆ ಸ್ವಾರ್ಥವಿದ್ದಾಗ ಏನಾಗಬೇಕೆಂಬುದಕ್ಕೆ ನಲನು ಸಾಕ್ಷಿ. ತಾನೇ ದಮಯಂತಿಯನ್ನು ಬಯಸಿದ್ದವನು ಇಂದ್ರಾದಿಗಳ ದೂತನಾಗಿ ಅವಳ ಬಳಿಗೆ ಹೋಗಿ, ದೇವತೆಗಳ ಪ್ರಾರ್ಥನೆಯನ್ನು ಕುಂದಿಲ್ಲದೆ ಹೇಳಿ, ಅವಳ ಉತ್ತರವನ್ನೂ ಕುಂದಿಲ್ಲದೆ ಹಿಂದಕ್ಕೆ ತಂದನು. ಕನಕದಾಸರ ನಳಚರಿತ್ರೆಯಿಂದ ಕನ್ನಡದ ಬಾಲಕರಿಗೂ ಈ ಕಥೆ ಪರಿಚಿತ. ಅದಕ್ಕೆ ಮೊದಲು ಅವರಿಬ್ಬರ ನಡುವೆ ದೌತ್ಯವನ್ನು ನಡೆಸಿದುದು ಹಂಸ. ಹಂಸಕ್ಕೆ ಹಳೆಗನ್ನಡದಲ್ಲಿ ಅಂಚೆಯೆಂಬ ತದ್ಭವವುಂಟು. ಟಪ್ಪಾಲಿನ ಅಂಚೆಗೂ ಅದಕ್ಕೂ ಮೂಲವು ಒಂದೇ ಎಂದು ಸಾಧಿಸಬೇಕಾದ ಅವಶ್ಯಕತೆ ಇಲ್ಲಿಲ್ಲ. ಕಿವಿಗೆ ಎರಡೂ ಒಂದಾಗಿ ಕೇಳುವುದೇ ಕನ್ನಡಿಗರಿಗೆ ಸಂತೋಷಕರ.

8. ಪರಿಭಾಷೆ

ಮೀಡಿಯೇಷನ್ ಎಂಬುದಕ್ಕೆ ಮಧ್ಯಸ್ಥಿಕೆಯೆಂದು ಕನ್ನಡಿಸುವುದು ಸುಲಭವಾಗಿ ತೋರುತ್ತದೆ. ಆದರೆ ಕನ್ನಡದಲ್ಲಿ ಮಧ್ಯಸ್ಥನು ವಿವಾದವನ್ನು ತೀರಿಸುವವನು. ಎರಡು ಪಕ್ಷಗಳಿಗೂ ಸಮನಾಗಿ ನಿಂತು ನ್ಯಾಯವನ್ನು ಹೇಳುವವನು. ಯಂತ್ರದೂತನ ಮುಂದೆ ವಿವಾದವಿಲ್ಲ, ತೀರ್ಪೂ ಇಲ್ಲ. ಮಧ್ಯವರ್ತಿಯೆಂದರೆ ದಲ್ಲಾಳಿಯ ವಾಸನೆ ಬರುತ್ತದೆ. ಇಂಗ್ಲಿಷ್ ಶಬ್ದದ ಅವಯವಾರ್ಥವನ್ನು ಹಿಡಿದು ಕನ್ನಡಿಸುವುದಕ್ಕಿಂತ ಕಾರ್ಯವನ್ನು ನೋಡಿ ಹೆಸರಿಡುವುದು ಯುಕ್ತ. ಕಾರ್ಯವು ದೌತ್ಯ, ನಿಯಮಿಸುವುದು ಪ್ರಣಿಧಿ, ಕಾಯುವ ಸ್ಥಾನವು ಸರತಿ, ಏಕೆಂದರೆ ಸರತಿಯೆಂಬ ಮಾತಿನಲ್ಲಿ ಮುಂದಿನವನಾದ ಮೇಲೆ ಹಿಂದಿನವನೆಂಬ ಕ್ರಮವು ತಾನಾಗಿ ಬರುತ್ತದೆ. ಹೆಸರು ಸರಿಯಾದರೆ ಅದರೊಡನೆ ಪರಂಪರೆಯ ವಿವೇಕವೂ ಬರುತ್ತದೆ. ದೂತನೆಂದ ಕೂಡಲೆ ಅವನು ನಿಸೃಷ್ಟಾರ್ಥನೇ, ಪರಿಮಿತಾರ್ಥನೇ, ಶಾಸನಹರನೇ ಎಂಬ ಪ್ರಶ್ನೆ ಏಳುತ್ತದೆ, ಮಧ್ಯವರ್ತಿಯೆಂದರೆ ಏಳುವುದಿಲ್ಲ.

9. ನಿಗಮನ

ಈ ಸಾದೃಶ್ಯಕ್ಕೆ ಒಂದು ಎಲ್ಲೆಯುಂಟು. ಶ್ರೀಕೃಷ್ಣನೂ ಹನುಮಂತನೂ ಸಮಯವನ್ನು ನೋಡಿ ಬುದ್ಧಿಯನ್ನು ಓಡಿಸಿದರು. ನಿಯಮಗಳಿಂದ ಕಟ್ಟಿದ ಯಂತ್ರದೂತನಿಗೆ ಅಂತಹ ಬುದ್ಧಿಯಿಲ್ಲ; ಅವನ ನಿರ್ಧಾರವೆಂದು ಕಾಣುವುದೆಲ್ಲ ಅವನನ್ನು ನಿಯಮಿಸಿದವನು ಮೊದಲೇ ಮಾಡಿದ ನಿರ್ಧಾರ. ಆದುದರಿಂದ ಅವನು ಎಷ್ಟು ಕೌಶಲದಿಂದ ನಡೆದರೂ ನಿಜವಾಗಿ ನಿಸೃಷ್ಟಾರ್ಥನಾಗಲಾರನು; ಅವನ ತಪ್ಪಿಗೆ ಹೊಣೆಯಾದವನು ಪ್ರಣಿಧಿಯನ್ನು ಮಾಡಿದ ಮನುಷ್ಯನೇ. ಸಂಜಯನ ಪ್ರಸಂಗದಲ್ಲಿ ಧೃತರಾಷ್ಟ್ರನ ಕಡೆಗೆ ತಿರುಗಿದ ದೃಷ್ಟಿಯು ಇಲ್ಲಿಯೂ ಹಾಗೆಯೇ ತಿರುಗಬೇಕು.

ದೂತಪ್ರಸಂಗವನ್ನು ವಿಮರ್ಶಿಸುವವರೂ ಪಾಠಹೇಳುವವರೂ ನಾಲ್ಕು ವಿಷಯಗಳನ್ನು ಕ್ರಮವಾಗಿ ವಿಚಾರಿಸುವುದು ಒಳ್ಳೆಯದು. ದೂತನಿಗೆ ಕೊಟ್ಟ ಅಧಿಕಾರವೆಷ್ಟು? ಅವನು ಬದಲಾಯಿಸಿದುದು ರೂಪವನ್ನೋ ಅರ್ಥವನ್ನೋ? ಬದಲಾಯಿಸಿದುದನ್ನೂ ಬಿಟ್ಟುದನ್ನೂ ಯಾರಿಗಾದರೂ ತಿಳಿಸಿದನೇ? ಮುಟ್ಟದೆ ಹೋದುದಕ್ಕೆ ಏನು ಏರ್ಪಾಡು ಇತ್ತು? ಈ ನಾಲ್ಕಕ್ಕೂ ಉತ್ತರ ದೊರೆತ ಮೇಲೆಯೇ ಗುಣದೋಷನಿರ್ಣಯ. ಹಾಗೆ ಮಾಡಿದಲ್ಲಿ ಉಲೂಕನಿಗೆ ಕ್ಷಮೆಯೂ, ಸಂಜಯನಿಗೆ ನ್ಯಾಯವೂ ದೊರೆಯುತ್ತವೆ. ಅನಸೂಯಾಪ್ರಿಯಂವದೆಯರ ಸ್ನೇಹವನ್ನು ಕೊಂಡಾಡುತ್ತಲೇ ಅವರ ಮೌನವನ್ನು ದೋಷವೆಂದು ಹೇಳುವ ಧೈರ್ಯವೂ ಬರುತ್ತದೆ. ಓಲೆಯ ಕಟ್ಟಿನಲ್ಲಿ ಶತಮಾನಗಳ ಕಾಲ ಕಾದಿದ್ದು ಮೈಸೂರಿನಲ್ಲಿ ಪಡೆಯತಕ್ಕವರ ಕೈಸೇರಿದ ಶಾಸ್ತ್ರವು ಕಾವ್ಯದ ಪಾಠಶಾಲೆಗೂ ಯಂತ್ರದ ಕರ್ಮಶಾಲೆಗೂ ಇಷ್ಟನ್ನು ಸಮಾನವಾಗಿ ಕಲಿಸಬಲ್ಲುದು.